ಕೇಳದೆ ಕೊಟ್ಟ ಮಗಳು

ನಮ್ಮ ಪಕ್ಕದ ಮನೆಯ ಬುರುಲ್ ತನ್ನ ಹೆತ್ತ ತಾಯಿಯನ್ನು ಅತ್ತಿಗೆ ಅಂತ ಕರೆಯುತ್ತಾಳೆ, ಹೆತ್ತ ತಂದೆಯನ್ನು ಅಣ್ಣ ಅಂತ. ಅಮ್ಮ ಅಂತ ಅವಳು ಕರೆಯುವುದು ಅಜ್ಜಿ ಬತ್ಮಾಳನ್ನು. ನಮ್ಮ ಪೇಟೆ ಅಟ್‌ಬಾಶಿಯಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಮೊದಲ ಮೊಮ್ಮಗು ಅಜ್ಜ ಅಜ್ಜಿಯ ಪಾಲು ಅನ್ನುವುದು ನಮ್ಮ ಎಷ್ಟೋ ಮನೆಗಳಲ್ಲಿ ನಡೆದುಬಂದದ್ದು. ಮಗು ಅವರ ಕೊನೆಯ ಕೂಸಾಗಿ ಬೆಳೆಯುತ್ತದೆ, ಹೆತ್ತವರು ಅದಕ್ಕೆ ಅಣ್ಣ ಅತ್ತಿಗೆಯಾಗಿ ಉಳಿಯುತ್ತಾರೆ. ನನ್ನ ಗಂಡನೂ ಹಾಗೆ ಬೆಳೆದವನೇ. ಅಜ್ಜಿಯ ಮುದ್ದಿನಲ್ಲಿ ಬೆಳೆದು ಬೆಳೆದು ಇವತ್ತಿಗೂ ಅವನಿಗೆ ತಾನು ಕುಡಿದ ಚಹಾ ಬಟ್ಟಲು ತೊಳೆಯಲು ಬರುವುದಿಲ್ಲ.

ಬತ್ಮಾಳದು ಬೊರ್ಸೋಕ್ ಕರಿಯುವ ಮನೆ. ಮದುವೆ, ತೊಟ್ಟಿಲು, ಸತ್ತವರ ವರ್ಷದೂಟ, ಯಾವುದೇ ಇರಲಿ, ಊಟದ ಹಾಸಿನ ಮೇಲೆ ಮೊದಲು ಬೊರ್ಸೋಕ್ ಸುರಿದು ಆಮೇಲೆ ಅತಿಥಿಗಳನ್ನು ಕೂರಿಸಬೇಕು. ಹುದುಗಿಸಿದ ಹಿಟ್ಟನ್ನು ಲಟ್ಟಿಸಿ, ತುಂಡು ಮಾಡಿ, ಕಾದ ಎಣ್ಣೆಗೆ ಬಿಟ್ಟರೆ ಉಬ್ಬಿ ಬರುತ್ತದೆ. ಕೇಳಲು ಸುಲಭ. ಮೂಟೆಗಟ್ಟಲೆ ಕರಿಯಬೇಕಾದಾಗ ಸೊಂಟ ಏನಾಗುತ್ತದೆ ಅಂತ ಲಟ್ಟಿಸುವವಳಾದ ನನ್ನನ್ನು ಕೇಳಿ. ಬತ್ಮಾಳ ಮಂಡಿಗಳು ಕೈಕೊಟ್ಟ ಮೇಲೆ ಬಾಣಲೆಯ ಮುಂದೆ ನಿಂತವಳು ಬುರುಲ್. ಶಾಲೆ ಮುಗಿಸಿ ಬಂದವಳೇ ತಲೆಗೆ ಬಟ್ಟೆ ಬಿಗಿದು ಜಾಲರಿ ಸೌಟು ಹಿಡಿದರೆ, ಹಿಟ್ಟು ಹದವಾಗಿಲ್ಲ ಅಂತ ನನ್ನಂಥವಳನ್ನೂ ಗದರುತ್ತಾಳೆ. ವಯಸ್ಸು ಹದಿನಾರು, ಬಾಯಿ ಅರವತ್ತರದು.

ಅವಳ ತಂದೆ ಮಿರ್ಲಾನ್, ತಾಯಿ ಚಿನಾರಾ. ಬುರುಲ್ ತಪ್ಪು ಹೆಜ್ಜೆ ಇಡುತ್ತಿದ್ದ ಕಾಲದಲ್ಲೇ ಇಬ್ಬರೂ ರಷ್ಯಾಕ್ಕೆ ದುಡಿಯಲು ಹೋದರು. ಯೆಕಟೆರಿನ್‌ಬರ್ಗ್‌ನಲ್ಲಿ ಅವನು ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾನೆ, ಅವಳು ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾಳೆ. ಅಲ್ಲೇ ಎರಡನೆಯವಳು ಐಪೇರಿ ಹುಟ್ಟಿದಳು, ಈಗ ಏಳು ವರ್ಷ. ಬೇಸಿಗೆಯಲ್ಲಿ ಬಂದು ಒಂದಷ್ಟು ದಿನ ಇದ್ದು ಹೋಗುವುದು ರೂಢಿ. ಈ ಸಲ ವಸಂತದಲ್ಲೇ ಬಂದರು. ಛಾವಣಿ ಸೋರುತ್ತದೆ, ರಿಪೇರಿ ಮಾಡಿಸಬೇಕು ಅಂತ ಮಿರ್ಲಾನ್ ಹೇಳಿದ.

ಛಾವಣಿ ಸೋರುತ್ತಿದ್ದದ್ದು ನಿಜ. ಆದರೆ ಬಂದ ಕಾರಣ ಅದಲ್ಲ ಅಂತ ಒಂದು ವಾರದೊಳಗೆ ಗೊತ್ತಾಯಿತು. ಅವತ್ತು ಚಿನಾರಾ ಲಗ್ಮಾನ್ ಮಾಡಿದ್ದಳು. ಶ್ಯಾವಿಗೆಯನ್ನು ಕೈಯಲ್ಲೇ ಎಳೆದು ಎಳೆದು ದಾರದ ಹಾಗೆ ಮಾಡುವ ಕೈ ಅವಳದು. ನಾನು ಊಟದ ಹೊತ್ತಿಗೆ ಸರಿಯಾಗಿ ಜರಡಿ ಕೇಳಲು ಹೋಗಿದ್ದೆ, ಕೂರಿಸಿದರು, ಕೂತೆ. ಮಿರ್ಲಾನ್ ಬಟ್ಟಲಿನಿಂದ ತಲೆ ಎತ್ತದೆ, ಆಗಸ್ಟಿನಲ್ಲಿ ಹೊರಡುವಾಗ ಬುರುಲ್‌ಳನ್ನೂ ಕರೆದುಕೊಂಡು ಹೋಗುತ್ತೇವೆ, ಕೊನೆಯ ಎರಡು ವರ್ಷದ ಓದು ಅಲ್ಲೇ ಆಗಲಿ ಅಂದ. ಹವಾಮಾನ ಹೇಳುವವನ ಹಾಗೆ ಹೇಳಿದ.

ಬತ್ಮಾ ತನ್ನ ಚಹಾ ಬಟ್ಟಲನ್ನು ಸೊಸೆಯ ಕಡೆಗೆ ತಳ್ಳಿದಳು. ಬಾಗಿಲ ಹತ್ತಿರ ಕೂತಿದ್ದ ಚಿನಾರಾ ಅದಕ್ಕೆ ಚಹಾ ಬಗ್ಗಿಸಿ ಎರಡೂ ಕೈಯಲ್ಲಿ ಕೊಟ್ಟಳು. ಅತ್ತೆಯ ಮುಖ ನೋಡಲಿಲ್ಲ.

"ನಾನು ಬರಲ್ಲ ಅಣ್ಣ," ಅಂದಳು ಬುರುಲ್.

"ಬರ್ತೀಯಾ ಅಂತ ನಾನು ಕೇಳ್ಲಿಲ್ಲ. ಕರ್ಕೊಂಡು ಹೋಗ್ತೀವಿ ಅಂದೆ."

"ಕೇಳ್ಲಿಲ್ಲ ಅನ್ನೋದು ಗೊತ್ತಾಯ್ತು."

ಇಷ್ಟೇ ಮಾತು. ಲಗ್ಮಾನ್ ಚೆನ್ನಾಗಿತ್ತು, ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ನಾನೂ ಹಾಕಿಸಿಕೊಳ್ಳಲಿಲ್ಲ ಅಂದರೆ ಮನೆಯ ಹವೆ ಹೇಗಿತ್ತು ಅಂತ ತಿಳಿದುಕೊಳ್ಳಿ.

ಕಾನೂನಿನ ವಿಷಯ ಬುರುಲ್ ಶಾಲೆಯಿಂದ ತಂದದ್ದು. ಸಮಾಜ ಪಾಠದ ಮೇಷ್ಟರು ಯಾವತ್ತೋ ಹೇಳಿದ್ದರಂತೆ: ಹದಿನಾರು ತುಂಬಿ, ಸ್ವಂತ ದುಡಿಮೆ ಇದ್ದು, ತಂದೆ ತಾಯಿ ಒಪ್ಪಿದರೆ, ಹದಿನೆಂಟರವರೆಗೆ ಕಾಯದೆ ವಯಸ್ಕರು ಅಂತ ಬರೆದುಕೊಡುತ್ತಾರೆ. ಆಮೇಲೆ ಎಲ್ಲಿರಬೇಕು, ಏನು ಮಾಡಬೇಕು ಅನ್ನುವುದು ಅವರದೇ ಇಷ್ಟ. ತರಗತಿಯವರೆಲ್ಲ ನಿದ್ದೆ ಹೊಡೆಯುತ್ತಿದ್ದಾಗ ಇವಳೊಬ್ಬಳು ಕೇಳಿಸಿಕೊಂಡಿದ್ದಳು. ಒಂದು ಮದುವೆಗೆ ಹಿಟ್ಟು ನಾದುತ್ತಾ ಅದನ್ನು ಬತ್ಮಾಳಿಗೆ ಹೇಳಿದಳು. ನಾದುವುದನ್ನು ನಿಲ್ಲಿಸಿ ಬತ್ಮಾ ಕೇಳಿದ್ದು ಒಂದೇ ಮಾತು: "ತಾಯಿ ಒಪ್ಪಿಗೆ ಸಾಕಾ? ಹಾಗಾದ್ರೆ ನಾಳೆನೇ ಹೋಗೋಣ."

ಮಕ್ಕಳ ವಿಷಯ ನೋಡುವ ಕಚೇರಿ ನಮ್ಮ ಪೇಟೆಯ ಆ ತುದಿಯಲ್ಲಿದೆ. ಬತ್ಮಾ ಹಬ್ಬದ ಬಿಳಿ ತಲೆವಸ್ತ್ರ ಕಟ್ಟಿದಳು. ಸಾಕ್ಷಿಗೆ ಇರಲಿ ಅಂತ ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿದ್ದ ಅಧಿಕಾರಿ ನಾಜಿರಾ ಎಂಬ ಗುಂಡಗಿನ ಹೆಂಗಸು. ಬುರುಲ್ ಹೇಳಿದ್ದನ್ನೆಲ್ಲ ಕೇಳಿ, ದುಡಿಮೆ ಏನು ಅಂತ ವಿಚಾರಿಸಿ, ತಾಯಿಯ ಗುರುತಿನ ಚೀಟಿ ಕೇಳಿದಳು. ಬತ್ಮಾ ತನ್ನದನ್ನು ಮೇಜಿನ ಮೇಲಿಟ್ಟಳು.

ನಾಜಿರಾ ಚೀಟಿ ನೋಡಿದಳು, ಕಂಪ್ಯೂಟರ್ ನೋಡಿದಳು. "ಅಜ್ಜಿ, ನಿಮಗೆ ಐವತ್ತೇಳು ಆಗಿದ್ದಾಗ ಈ ಹುಡುಗಿನ ಹೆತ್ತಿರಾ?"

"ಹೆತ್ತೆ ಅಂದ್ನಾ? ತಾಯಿ ಅಂದೆ."

"ಇಲ್ಲಿ ತಾಯಿ ಚಿನಾರಾ ಅಂತಿದೆ."

"ಅವಳು ಅತ್ತಿಗೆ. ಬೇಕಾದ್ರೆ ಈ ಊರಲ್ಲಿ ಯಾರನ್ನಾದ್ರೂ ಕೇಳು. ಇವಳನ್ನ ಕೇಳು," ಅಂತ ಬತ್ಮಾ ನನ್ನನ್ನು ತೋರಿಸಿದಳು. ನಾನು ಹೌದು ಅಂತ ತಲೆಯಾಡಿಸಿದೆ. ತಪ್ಪು ಅಂತ ನನಗೂ ಅನ್ನಿಸಲಿಲ್ಲ.

ನಾಜಿರಾ ನಗಲಿಲ್ಲ. ತಾನೂ ಅಜ್ಜಿಯ ಹತ್ತಿರವೇ ಬೆಳೆದವಳು, ಹೆತ್ತವಳನ್ನು ಅತ್ತಿಗೆ ಅಂತಲೇ ಕರೆದವಳು ಅಂತ ಹೇಳಿದಳು. ಆದರೆ ನಮ್ಮ ಪದ್ಧತಿ ಸರ್ಕಾರಕ್ಕೆ ಗೊತ್ತಿಲ್ಲ, ಬತ್ಮಾ ಯಾವತ್ತೂ ದತ್ತು ಅಂತಲೋ ಪೋಷಕಿ ಅಂತಲೋ ಬರೆಸಿಲ್ಲ, ಆದ್ದರಿಂದ ಮಿರ್ಲಾನ್ ಮತ್ತು ಚಿನಾರಾ ಇಬ್ಬರೂ ಬಂದು ಒಪ್ಪಬೇಕು, ಒಬ್ಬರು ಒಲ್ಲೆ ಅಂದರೂ ನ್ಯಾಯಾಲಯದ ದಾರಿ ಹಿಡಿಯಬೇಕು ಅಂದಳು. ಬತ್ಮಾ ಚೀಟಿ ವಾಪಸು ತೆಗೆದುಕೊಂಡು ತಲೆವಸ್ತ್ರದ ಮೂಲೆಗೆ ಒರೆಸಿದಳು. ಮನೆಯ ಬಾಗಿಲಲ್ಲಿ ಬೂಟು ಬಿಚ್ಚುವಾಗ, "ಹದಿನಾರು ವರ್ಷ ಮೂಗು ಒರೆಸಿದ್ದು ನಾನು, ಕಂಪ್ಯೂಟರಿಗೆ ಹೇಗೆ ಗೊತ್ತಾಗ್ಬೇಕು," ಅಂತ ಗೊಣಗಿದಳು.

ಆ ಸುದ್ದಿ ಚಿನಾರಾಳಿಗೆ ಮನೆಯವರು ಹೇಳುವ ಮೊದಲೇ ಸಂತೆಯಲ್ಲಿ ಸಿಕ್ಕಿತು. ಆಲೂಗಡ್ಡೆ ಮಾರುವವಳು ತೂಕ ಹಾಕುತ್ತಾ, ನಿಮ್ಮತ್ತೆ ಕಚೇರಿಯಲ್ಲಿ ನಾನೇ ತಾಯಿ ಅಂತ ಜಗಳ ತೆಗೆದರಂತಲ್ಲ ಅಂದಳಂತೆ. ನಮ್ಮ ಪೇಟೆಗೆ ವಾರ್ತೆ ಓದುವವರ ಅಗತ್ಯ ಇಲ್ಲ. ಚಿನಾರಾ ಮನೆಗೆ ಬಂದು ತಂದ ಆಲೂಗಡ್ಡೆಯನ್ನೆಲ್ಲ ಕೂತು ಸುಲಿದುಬಿಟ್ಟಳು. ಒಂದು ವಾರಕ್ಕೆ ತಂದದ್ದು. ಹಾಳಾಗಬಾರದು ಅಂತ ಆ ಮನೆಯಲ್ಲಿ ಮೂರು ಹೊತ್ತೂ ಆಲೂಗಡ್ಡೆಯೇ ಆಯಿತು. ನಮ್ಮ ಮನೆಗೂ ಒಂದು ಪಾತ್ರೆ ಬಂತು.

ಮಾತು ಹೊರಬಿದ್ದದ್ದು ಊಟಕ್ಕೆ ಕೂತಾಗ. ಪಾತ್ರೆ ವಾಪಸು ಕೊಡಲು ಹೋದ ನಾನೂ ಕೂತಿದ್ದೆ.

"ಕಚೇರಿಗೆ ಹೋಗಿದ್ರಂತೆ," ಅಂದಳು ಚಿನಾರಾ.

"ಹೋಗಿದ್ವಿ," ಅಂದಳು ಬತ್ಮಾ.

"ನನ್ನ ಮಗಳ ವಿಷಯಕ್ಕೆ."

ಮಿರ್ಲಾನ್ ಅಗಿಯುವುದನ್ನು ನಿಲ್ಲಿಸಿದ. ನನ್ನ ಮಗಳು ಅನ್ನುವ ಮಾತನ್ನು ಚಿನಾರಾ ಬುರುಲ್‌ಳ ಬಗ್ಗೆ ಆ ಮನೆಯಲ್ಲಿ ಅಲ್ಲಿಯವರೆಗೆ ಆಡಿರಲಿಲ್ಲ. ಅತ್ತೆಯ ಎದುರು ಆಡುವ ಮಾತಲ್ಲ ಅದು.

"ಅಮ್ಮನ ಮೇಲೆ ಹಾಕಬೇಡಿ ಅತ್ತಿಗೆ," ಅಂದಳು ಬುರುಲ್. "ಕರ್ಕೊಂಡು ಹೋಗಿದ್ದು ನಾನು. ನೀವಿಬ್ರೂ ಒಪ್ಪಿದ್ರೆ ನಾನಿಲ್ಲೇ ಇರಬಹುದು. ನನಗೆ ಕೆಲಸ ಇದೆ, ಅಮ್ಮ ಇದಾಳೆ. ಅಲ್ಲಿ ನನಗೇನಿದೆ? ನಿಮಗೆ ಬೇಕಾಗಿರೋದು ಐಪೇರಿನ ಶಾಲೆಗೆ ಬಿಟ್ಟು ಕರ್ಕೊಂಡು ಬರೋಕೆ ಒಂದಾಳು."

"ಹೌದು, ಅದೂ ಬೇಕು," ಅಂದಳು ಚಿನಾರಾ. "ಮನೆ ಮಗಳು ತಂಗಿನ ಶಾಲೆಗೆ ಬಿಟ್ರೆ ತಪ್ಪಾ? ಇಲ್ಲೇನು ನಿನ್ನ ಕೂರಿಸಿ ಉಣಿಸ್ತಿದಾರಾ? ನಿನ್ನ ಕೈ ನೋಡ್ಕೋ."

ಎಲ್ಲರೂ ನೋಡಿದೆವು. ಮಣಿಕಟ್ಟಿನಿಂದ ಮೊಣಕೈವರೆಗೆ ಎಣ್ಣೆ ಸಿಡಿದ ಚುಕ್ಕೆಗಳು. ಬತ್ಮಾ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಮಾತು ಅವಳಿಗೆ ತಾಗಿತ್ತು. ಹೇಳಬಾರದಿತ್ತು ಅನ್ನುವಂತೆಯೂ ಇರಲಿಲ್ಲ, ಅದು ನಿಜವಾಗಿತ್ತು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಜಗಳ ಆಡುತ್ತಲೇ ಕೆಲಸವೂ ನಡೆಯಿತು. ಜೂನ್ ಅಂದರೆ ಊಟಗಳ ಕಾಲ, ಹಿಟ್ಟು ಯಾರಿಗೂ ಕಾಯುವುದಿಲ್ಲ. ಚಿನಾರಾ ತಾನೇ ತಾನಾಗಿ ನನ್ನ ಪಕ್ಕ ಲಟ್ಟಣಿಗೆ ಹಿಡಿದು ಕೂತಳು. ಅವಳು ತೆಳ್ಳಗೆ ಲಟ್ಟಿಸುವವಳು, ಬತ್ಮಾಳಿಗೆ ದಪ್ಪ ಇರಬೇಕು. ಹಪ್ಪಳ ಮಾಡ್ತಿದೀಯಾ ಅಂತ ಅತ್ತೆ, ದಪ್ಪ ಮಾಡಿದರೆ ಒಳಗೆ ಹಸಿ ಅಂತ ಸೊಸೆ. ಉಪ್ಪಿನ ಬಗ್ಗೆ ಒಂದು ದಿನ, ಮೊಸರು ಹಾಕುವುದರ ಬಗ್ಗೆ ಒಂದು ದಿನ. ಇಬ್ಬರೂ ಬುರುಲ್‌ಳ ಹೆಸರೆತ್ತುತ್ತಿರಲಿಲ್ಲ. ಎರಡು ದಪ್ಪದ ಬೊರ್ಸೋಕನ್ನೂ ಒಂದೇ ಬಾಣಲೆಯಲ್ಲಿ ಕರಿಯುವ ಕಷ್ಟ ಬುರುಲ್‌ಳದು. ಒಂದು ಸೀದರೆ ಇನ್ನೊಂದು ಬೇಯುತ್ತಿರಲಿಲ್ಲ.

ಐಪೇರಿಗೆ ಈ ಗಲಾಟೆಯಲ್ಲಿ ಬೇರೆಯದೇ ಲೆಕ್ಕ. ಹಿಟ್ಟಿನ ಚೂರುಗಳಲ್ಲಿ ಕುದುರೆ ಮಾಡುತ್ತಾ ಒಂದು ದಿನ ಅಕ್ಕನಿಗೆ ಹೇಳಿದಳು: "ನಮ್ಮಮ್ಮ ನಿನಗೆ ಅತ್ತಿಗೆ ಆದ್ರೆ, ನಮ್ಮಪ್ಪ ನಿನಗೆ ಅಣ್ಣ ಆದ್ರೆ, ನೀನು ನನಗೆ ಅಕ್ಕ ಅಲ್ಲ. ಸೋದರತ್ತೆ."

"ಹಾಗಾದ್ರೆ ಅತ್ತೆ ಹೇಳಿದ ಹಾಗೆ ಕೇಳು. ಸೌದೆ ತಗೊಂಡು ಬಾ," ಅಂದಳು ಬುರುಲ್.

ಲಟ್ಟಿಸುತ್ತಿದ್ದ ಚಿನಾರಾಗೆ ನಗು ಬಂತು. ಆಮೇಲೆ ನಗು ಹೋಯಿತು. ಎದ್ದು ತಾನೇ ಸೌದೆ ತಂದಳು.

ಮಿರ್ಲಾನ್ ಮಾತ್ರ ಛಾವಣಿ ಬಿಟ್ಟು ಇಳಿಯಲಿಲ್ಲ. ಆ ಛಾವಣಿಗೆ ಅಷ್ಟು ಮೊಳೆ ಬೇಕಿರಲಿಲ್ಲ ಅಂತ ನನ್ನ ಗಂಡನೂ ಹೇಳಿದ, ಬಟ್ಟಲು ತೊಳೆಯಲು ಬಾರದವನಿಗೂ ಅಷ್ಟು ತಿಳಿದಿತ್ತು. ಮೇಲೆ ಅಮ್ಮನ ಕೂಗೂ ಕೇಳಿಸದು, ಹೆಂಡತಿಯ ಮೌನವೂ ಕಾಣಿಸದು. ಒಂದು ಬೆಳಿಗ್ಗೆ ಬತ್ಮಾ ಕೆಳಗೆ ನಿಂತು ಕೋಲಿನಿಂದ ಏಣಿ ಬಡಿದು ಇಳಿಸಿದಳು, ಕಚೇರಿಗೆ ನಡಿ ಅಂದಳು. ಅವನು ಹೋಗಿ ಒಪ್ಪಿಗೆಗೆ ಸಹಿ ಹಾಕಿ ಬಂದ, ಬಂದವನು ಮತ್ತೆ ಛಾವಣಿ ಹತ್ತಿದ. ಹೆಂಡತಿಗೆ ಹೇಳಲಿಲ್ಲ. ಅವಳಿಗೆ ಹೇಳಿದ್ದು ಮತ್ತೆ ಆಲೂಗಡ್ಡೆಯವಳೇ.

ಚಿನಾರಾ ಕೂಗಾಡಲಿಲ್ಲ. ಗಂಡನಿಗೆ ಚಹಾ ಬಗ್ಗಿಸುವುದನ್ನು ನಿಲ್ಲಿಸಿದಳು. ಸಾಲಾಗಿ ಎಲ್ಲರ ಬಟ್ಟಲು ತುಂಬಿಸುತ್ತಾ ಬಂದು ಅವನದನ್ನು ದಾಟಿ ಮುಂದೆ ಹೋಗುತ್ತಿದ್ದಳು. ಅವನು ಖಾಲಿ ಬಟ್ಟಲು ಹಿಡಿದು ಕೂತಿರುತ್ತಿದ್ದ. ಕೊನೆಗೆ ಒಂದು ದಿನ, "ನಾನೇನು ಮಾಡಲಿ, ಅಮ್ಮ ಹೇಳಿದ್ಲು," ಅಂದ.

"ಅವತ್ತೂ ಇದೇ ಹೇಳಿದ್ರಿ," ಅಂದಳು ಚಿನಾರಾ.

ಅವಳು ಸಹಿ ಹಾಕುವುದಿಲ್ಲ ಅನ್ನುವುದು ಖಚಿತವಾಯಿತು. ಬುರುಲ್ ಹಾಗಾದರೆ ನ್ಯಾಯಾಲಯಕ್ಕೇ ಹೋಗುತ್ತೇನೆ ಅಂದಳು. ಊರಿನ ಬಾಯಿಗೆ ಆಹಾರವಾಯಿತು. ಮಗಳು ಹೆತ್ತವರನ್ನು ಕೋರ್ಟಿಗೆ ಎಳೆಯುತ್ತಾಳಂತೆ, ಅಜ್ಜಿಯೇ ಕಲಿಸಿದ್ದಂತೆ. ಬೊರ್ಸೋಕ್ ಬೇಕು ಅಂತ ಬಂದವರು ಹಾಗೆ ಸುಮ್ಮನೆ ಒಂದು ಉಪದೇಶ ಬಿಟ್ಟು ಹೋಗುತ್ತಿದ್ದರು. ಬುರುಲ್‌ಳ ಕಣ್ಣುಗಳು ಕೆಂಪಾಗಿರುತ್ತಿದ್ದವು, ಹೊಗೆ ಅನ್ನುತ್ತಿದ್ದಳು. ಆದರೆ ನ್ಯಾಯಾಲಯ ಬೇಡ ಅಂದವಳು ಬತ್ಮಾಳೇ. ಅಲ್ಲಿ ಎದ್ದು ನಿಂತು, ನಾನು ಈ ಹುಡುಗಿಯ ತಾಯಿ ಅಲ್ಲ, ಅಜ್ಜಿ ಅಂತ ಪ್ರಮಾಣ ಮಾಡಬೇಕಾಗುತ್ತದೆ, ಅದು ನನ್ನ ಬಾಯಲ್ಲಿ ಬರುವುದಿಲ್ಲ ಅಂದಳು. ಆಗಸ್ಟ್ ಹತ್ತಿರ ಬರುತ್ತಿತ್ತು. ಮಿರ್ಲಾನ್ ಟಿಕೆಟ್ ತಂದ, ನಾಲ್ಕು.

ಆ ಹೊತ್ತಿಗೆ ದೊಡ್ಡ ಮನೆತನವೊಂದರ ವರ್ಷದೂಟ ಬಂತು. ಕುದುರೆ ಕಡಿಯುವ ಊಟ, ಊರೆಲ್ಲ ಬರುವಂಥದ್ದು. ಬೆಳಿಗ್ಗೆಯಿಂದ ಅಂಗಳದಲ್ಲಿ ಎರಡು ಬಾಣಲೆ ಹೂಡಿದೆವು. ಒಂದರ ಮುಂದೆ ಬುರುಲ್, ಇನ್ನೊಂದರ ಮುಂದೆ ಬೇರೆ ಯಾರೂ ಸಿಗದೆ ಚಿನಾರಾ. ಬತ್ಮಾ ಗೋಡೆಗೆ ಒರಗಿ ಬೆಂಚಿನ ಮೇಲೆ ಕೂತು ಕರಿದದ್ದನ್ನು ಆರಿಸಿ ಚೀಲಕ್ಕೆ ತುಂಬುತ್ತಿದ್ದಳು. ತಾಯಿ ಮಗಳು ಬೆನ್ನಿಗೆ ಬೆನ್ನು ಹಾಕಿ ನಿಂತಿದ್ದರು. ಇಬ್ಬರೂ ಸೌಟನ್ನು ಬಾಣಲೆಯ ಅಂಚಿಗೆ ಎರಡು ಸಲ ಬಡಿದು ಎಣ್ಣೆ ಇಳಿಸುವ ರೀತಿ ಒಂದೇ. ಯಾರೂ ಕಲಿಸಿದ್ದಲ್ಲ. ನಾನು ನೋಡಿದೆ, ಬತ್ಮಾಳೂ ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಬುರುಲ್ ತಿರುಗದೆಯೇ ಕೇಳಿದಳು.

"ಅತ್ತಿಗೆ, ನಿಮಗೆ ನನ್ನ ಮೇಲೆ ಅಷ್ಟು ಆಸೆ ಇದ್ರೆ ಕೊಟ್ಟಿದ್ದು ಯಾಕೆ?"

ಚಿನಾರಾ ಸೌಟು ಕೆಳಗಿಟ್ಟಳು. "ಯಾರು ಕೊಟ್ಟಿದ್ದು?"

"ನೀವು."

"ನಾನು ಕೊಡ್ಲಿಲ್ಲ. ನಲವತ್ತನೇ ದಿನ ನಿನ್ನ ಮೇಲೆ ನಲವತ್ತು ಚಮಚ ನೀರು ಹಾಕಿ ಸ್ನಾನ ಮಾಡಿಸಿದ್ರು. ನಾನು ಒಣಗಿದ ಟವೆಲು ತರೋಕೆ ಒಳಗೆ ಹೋದೆ. ಹೊರಗೆ ಬಂದಾಗ ನೀನು ಅತ್ತೆ ಮಡಿಲಲ್ಲಿದ್ದೆ. ನೆಂಟರೆಲ್ಲ ಒಳ್ಳೇದಾಗಲಿ ಅಂತ ಹರಸ್ತಾ ಇದ್ರು, ಬತ್ಮಾಗೆ ಮುದಿ ವಯಸ್ಸಲ್ಲಿ ಮಗಳು ಹುಟ್ಟಿದ್ಲು ಅಂತ. ನನಗೆ ಇಪ್ಪತ್ತು ವರ್ಷ. ಟವೆಲು ಕೊಟ್ಟು, ಚಹಾ ಬಗ್ಗಿಸೋಕೆ ಕೂತೆ. ನಿನಗೆ ಹಾಲು ಕುಡಿಸ್ಬೇಕಾದಾಗ ನನ್ನ ಕರೀತಿದ್ರು, ಕುಡಿಸಿ ವಾಪಸ್ ಕೊಡ್ತಿದ್ದೆ."

ಬಾಣಲೆಯಲ್ಲಿ ಬೊರ್ಸೋಕ್ ಕಪ್ಪಾಗುತ್ತಿತ್ತು. ನಾನೇ ಎದ್ದು ತೆಗೆದೆ.

"ನನ್ನ ಯಾರೂ ಕೇಳ್ಲಿಲ್ಲ ಬುರುಲ್. ನಿಮ್ಮಣ್ಣನೂ ಕೇಳ್ಲಿಲ್ಲ. ಈಗ ಕಚೇರಿಯವರು ಒಪ್ಪಿಗೆ ಇದ್ಯಾ ಅಂತ ಕೇಳ್ತಿದಾರೆ. ಹದಿನಾರು ವರ್ಷದಲ್ಲಿ ನನ್ನ ಕೇಳಿದ್ದು ಸರ್ಕಾರ ಒಂದೇ. ಹೇಗೆ ಹೂಂ ಅನ್ನಲಿ? ನಿನ್ನ ಎರಡನೇ ಸಲ ಕೊಟ್ಟ ಹಾಗಾಗಲ್ವಾ?"

ಬುರುಲ್ ಮೊಸರಿನ ಪಾತ್ರೆ ತಂದು ಚಿನಾರಾಳ ಪಕ್ಕ ಇಟ್ಟಳು, ಕೈಗೆ ಎಣ್ಣೆ ಸಿಡಿದಿದೆ ಹಚ್ಚಿಕೊಳ್ಳಿ ಅಂದಳು. ಸಿಡಿದದ್ದು ನಿಜವೇ. ಬೆಂಚಿನ ಮೇಲೆ ಬತ್ಮಾ ಅದೇ ಚೀಲದ ಬಾಯಿ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಮಾಡುತ್ತಿದ್ದಳು. ಅವಳ ಕಿವಿ ಮಂಡಿಯ ಹಾಗಲ್ಲ, ಚೆನ್ನಾಗಿ ಕೇಳಿಸುತ್ತದೆ.

ಗುರುವಾರ ಸತ್ತವರಿಗೆ ಎಣ್ಣೆಯ ವಾಸನೆ ಬಿಡುವ ದಿನ. ಮನೆಯಲ್ಲಿ ಏನಾದರೂ ಕರಿದು, ಆ ಘಮ ಅವರಿಗೆ ಮುಟ್ಟಲಿ ಅಂತ ಬೇಡಿಕೊಂಡು, ಅಕ್ಕಪಕ್ಕದವರಿಗೆ ಹಂಚುತ್ತಾರೆ. ಬತ್ಮಾ ಗಂಡನ ಹೆಸರಿನಲ್ಲಿ ತಪ್ಪದೆ ಮಾಡುವವಳು, ನಾನು ತಪ್ಪದೆ ತಿನ್ನುವವಳು. ಆ ಗುರುವಾರ ಅವಳು ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ನೋಯುವ ಮಂಡಿಯಲ್ಲಿ ತಾನೇ ನಿಂತು ಏಳು ರೊಟ್ಟಿ ಕರಿದಳು. ಊಟದ ಹಾಸು ಹಾಸಿದ ಮೇಲೆ ಚಿನಾರಾ ಎಂದಿನಂತೆ ಬಾಗಿಲ ಹತ್ತಿರ, ಚಹಾ ಕೆಟಲಿನ ಪಕ್ಕ ಕೂರಲು ಹೋದಳು.

"ಅಲ್ಲಿ ಬೇಡ. ಮೇಲೆ ಬಾ," ಅಂದಳು ಬತ್ಮಾ.

ಮೇಲೆ ಅಂದರೆ ಬಾಗಿಲಿಗೆ ಎದುರಿನ ಜಾಗ. ಹಿರಿಯರದು, ದೊಡ್ಡ ಅತಿಥಿಗಳದು. ಸೊಸೆಯಾದವಳು ಅಲ್ಲಿ ಕಸ ಗುಡಿಸುವುದಕ್ಕೆ ಮಾತ್ರ ಹೋಗುತ್ತಾಳೆ. ಚಿನಾರಾ ಗಂಡನ ಮುಖ ನೋಡಿದಳು, ಅವನು ಹಾಸಿನ ಅಂಚು ನೋಡುತ್ತಿದ್ದ. ಹೋಗಿ ತುದಿಯಲ್ಲಿ ಕೂತಳು. ಬತ್ಮಾ ಬಾಗಿಲ ಹತ್ತಿರ ಹೋಗಿ, ಗೋಡೆ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಕೂತಳು. ಕೆಟಲು ಎತ್ತಿ ಬಟ್ಟಲಿಗೆ ಅರ್ಧ ಚಹಾ ಬಗ್ಗಿಸಿದಳು, ಅತಿಥಿಗೆ ಬಗ್ಗಿಸುವಷ್ಟು. ಎರಡೂ ಕೈಯಲ್ಲಿ ಮುಂದೆ ಚಾಚಿದಳು. ಆ ಬಟ್ಟಲು ಬುರುಲ್‌ಳ ಕೈ ದಾಟಿ, ಮಿರ್ಲಾನ್‌ನ ಕೈ ದಾಟಿ ಚಿನಾರಾಳಿಗೆ ಮುಟ್ಟಿತು. ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

"ಚಿನಾರಾ," ಅಂದಳು ಬತ್ಮಾ. "ಅವತ್ತು ಕೇಳ್ಬೇಕಾಗಿದ್ದು, ಕೇಳ್ಲಿಲ್ಲ. ನಮ್ಮತ್ತೆ ನನ್ನ ಮೊದಲನೇ ಮಗನ್ನ, ಇವನ ಅಣ್ಣನ್ನ, ತಗೊಂಡಾಗ ನನ್ನನ್ನೂ ಕೇಳಿರ್ಲಿಲ್ಲ. ಕೇಳೋದು ಅಂತ ಒಂದಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಈಗ ಕೇಳ್ತಿದೀನಿ. ನಿನ್ನ ಮಗಳನ್ನ ನನಗೆ ಕೊಡ್ತೀಯಾ?"

ಕೊಡುತ್ತೇನೆ ಅನ್ನುತ್ತಾಳೆ ಅಂತಲೇ ನಾವೆಲ್ಲ ಅಂದುಕೊಂಡಿದ್ದು. ಅಷ್ಟು ವಯಸ್ಸಾದವಳು ಬಾಗಿಲಲ್ಲಿ ಕೂತು ಕೇಳಿದರೆ ಯಾರು ತಾನೇ ಇಲ್ಲ ಅಂದಾರು.

ಚಿನಾರಾ ಚಹಾ ಕುಡಿದಳು. ಪೂರ್ತಿ ಕುಡಿದು ಬಟ್ಟಲು ಕೆಳಗಿಟ್ಟಳು.

"ಕೊಡಲ್ಲ ಅತ್ತೆ," ಅಂದಳು.

ಮಿರ್ಲಾನ್ ಅವಳ ಹೆಸರು ಹಿಡಿದು ಗದರಲು ಹೋದ. ಬತ್ಮಾ ಕೈಯೆತ್ತಿ ಅವನನ್ನು ಸುಮ್ಮನಿರಿಸಿದಳು. "ಕೇಳಿದ್ದಕ್ಕೆ ಉತ್ತರ ಹೇಳಿದಾಳೆ. ನೀನು ರೊಟ್ಟಿ ತಿನ್ನು," ಅಂದಳು. ಆಮೇಲೆ ಗಂಡನ ಹೆಸರಿನಲ್ಲಿ ಬೇಡಿಕೊಂಡಳು, ಎಲ್ಲರೂ ಅಂಗೈ ಮುಖಕ್ಕೆ ಸವರಿಕೊಂಡೆವು. ಬುರುಲ್ ಊಟ ಬಿಟ್ಟು ಎದ್ದು ಅಂಗಳಕ್ಕೆ ಹೋದಳು. ಉಜ್ಜಿದ ಬಾಣಲೆಯನ್ನೇ ಮತ್ತೆ ಉಜ್ಜುವ ಸದ್ದು ಬಹಳ ಹೊತ್ತು ಕೇಳಿಸಿತು. ನನಗೂ ಚಿನಾರಾಳ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಸೋಮವಾರ ಚಿನಾರಾ ಬೆಳಿಗ್ಗೆ ಎದ್ದು ಎಲ್ಲರ ಬಟ್ಟಲಿಗೂ ಚಹಾ ಬಗ್ಗಿಸಿದಳು, ಗಂಡನದಕ್ಕೂ. ಒಗೆದಿಟ್ಟ ಕುಪ್ಪಸ ಹಾಕಿಕೊಂಡು, ಕಚೇರಿಗೆ ಹೋಗೋಣ ಬಾ ಅಂತ ಬುರುಲ್‌ಳನ್ನು ಕರೆದಳು. ಬತ್ಮಾ ಕೋಲು ಹಿಡಿದು ಹಿಂದೆ ಹೊರಟಳು, ಅವಳ ಹಿಂದೆ ನಾನು. ನನ್ನನ್ನು ಯಾರೂ ಕರೆದಿರಲಿಲ್ಲ.

ನಾಜಿರಾ ಕಾಗದ ತೆಗೆದು, ಒಪ್ಪಿಗೆ ಕೊಡುತ್ತಿರುವವರು ಹುಡುಗಿಗೆ ಏನಾಗಬೇಕು ಅಂತ ಕ್ರಮದ ಪ್ರಕಾರ ಕೇಳಿದಳು. ಬುರುಲ್ ಬಾಯಿ ತೆರೆದಳು, ಅಭ್ಯಾಸದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.

"ತಾಯಿ," ಅಂದಳು ಚಿನಾರಾ, ತಾನೇ.

ಬಾಗಿಲಲ್ಲಿ ನಿಂತಿದ್ದ ಬತ್ಮಾ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಚಿನಾರಾ ಬೇಗ ಬೇಗ ಸಹಿ ಹಾಕಿ, ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಉಳಿದ ಕೆಲಸ ಮುಗಿಸಿ ಕೆಲವು ದಿನಗಳಲ್ಲಿ ತೀರ್ಮಾನ ಕೊಡುತ್ತೇವೆ ಅಂದಳು ನಾಜಿರಾ.

ಹೊರಗೆ ಮೆಟ್ಟಿಲ ಮೇಲೆ ಚಿನಾರಾ ಅತ್ತೆಯ ಕಡೆ ತಿರುಗಿದಳು. "ನಿಮಗೆ ಕೊಡ್ಲಿಲ್ಲ ಅತ್ತೆ. ಅವಳನ್ನ ಅವಳಿಗೇ ಬಿಟ್ಟೆ. ನಿಮ್ಮನೇಲಿ ಇರ್ತಾಳೋ, ಬಾಣಲೆ ಮುಂದೆ ನಿಲ್ತಾಳೋ, ಇನ್ನು ಅವಳನ್ನೇ ಕೇಳ್ಬೇಕು ನೀವು."

"ಗೊತ್ತಾಯ್ತು," ಅಂದಳು ಬತ್ಮಾ. ಮೆಟ್ಟಿಲು ಎತ್ತರವಿತ್ತು. ಅವಳು ಇಳಿಯಲು ಕೈ ಚಾಚಿದಳು, ಚಿನಾರಾ ಹಿಡಿದುಕೊಂಡಳು.

ಆಗಸ್ಟ್ ಕೊನೆಯಲ್ಲಿ ಅವರು ಹೊರಟರು, ಮೂವರು. ನಾಲ್ಕನೇ ಟಿಕೆಟನ್ನು ಮಿರ್ಲಾನ್ ವಾಪಸು ಮಾಡಿದ್ದ. ಬಸ್ಸಿನ ಹತ್ತಿರ ಬುರುಲ್ ಒಂದು ಚೀಲ ಬೊರ್ಸೋಕ್ ತಂದುಕೊಟ್ಟಳು. ತೆಳ್ಳಗೆ ಲಟ್ಟಿಸಿ ಕರಿದದ್ದು. ಐಪೇರಿ ಸೋದರತ್ತೆಗೆ ಮುತ್ತು ಕೊಟ್ಟು ಕಿಟಕಿಯ ಪಕ್ಕದ ಸೀಟು ಹಿಡಿಯಲು ಓಡಿದಳು. ಚಿನಾರಾ ಚೀಲದ ಬಾಯಿ ಬಿಚ್ಚಿ ನೋಡಿದಳು, ಮತ್ತೆ ಕಟ್ಟಿದಳು. ಏನೋ ಹೇಳಬೇಕು ಅಂತ ಅವಳಿಗೆ ಇತ್ತು, ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ.

"ಬುರುಲ್, ಚಳಿಗಾಲದ ರಜೆಗೆ ಬರ್ತೀಯಾ?" ಅಂತ ಕೇಳಿದಳು.

ಬುರುಲ್ ಬತ್ಮಾಳ ಕಡೆ ನೋಡಲಿಲ್ಲ. ಸ್ವಲ್ಪ ಯೋಚಿಸಿದಳು.

"ಬರ್ತೀನಿ ಅತ್ತಿಗೆ," ಅಂದಳು.

ಚಿನಾರಾ ತಲೆಯಾಡಿಸಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು. ನನ್ನ ಪಕ್ಕದಲ್ಲಿದ್ದ ಬತ್ಮಾ ಕೋಲನ್ನು ನೆಲಕ್ಕೆ ಊರಿ, ಎಲ್ಲರಿಗೂ ಕೇಳುವ ಹಾಗೆ, "ಚಳಿಗಾಲದಲ್ಲಿ ಬಾಣಲೆ ಯಾರು ನೋಡ್ತಾರೆ? ನನ್ನ ಒಂದು ಮಾತು ಯಾರೂ ಕೇಳ್ಲಿಲ್ಲ," ಅಂದಳು.

ಮೆಟ್ಟಿಲ ಮೇಲಿದ್ದ ಚಿನಾರಾ ಹಿಂತಿರುಗಿ ನೋಡಿದಳು.

"ಕೇಳ್ಬೇಕಿತ್ತಾ ಅತ್ತೆ?"

ಬತ್ಮಾ ತಲೆವಸ್ತ್ರದ ಗಂಟು ಸರಿ ಮಾಡಿಕೊಂಡಳು.

"ಬೇಡ. ಅವಳನ್ನ ಕೇಳಿದ್ಯಲ್ಲ, ಸಾಕು."